ಕುಡಿಯುವ ನಲ್ಲಿಯ ಹಕ್ಕಳೆ

ಹೇಸಿಗೆ ಪಡುವುದರಲ್ಲಿ ಹಕ್ಕಳೆಮ್ಮನನ್ನು ಮೀರಿಸುವವರು ಆ ಊರಿನಲ್ಲೇ ಇರಲಿಲ್ಲ. ಬೇರೆಯವರು ಕುಡಿದಿಟ್ಟ ಲೋಟ ಮುಟ್ಟುತ್ತಿರಲಿಲ್ಲ. ಬಸ್ಸಿನಲ್ಲಿ ಬಿದ್ದರೂ ಸರಿಯೇ, ಕಂಬಿ ಮಾತ್ರ ಹಿಡಿಯುತ್ತಿರಲಿಲ್ಲ. ಬಾಗಿಲನ್ನು ಮೊಣಕೈಯಿಂದ ತಳ್ಳಿ ಒಳಗೆ ಬರುತ್ತಿದ್ದಳು. ಯಾರಾದರೂ ಎದುರಿಗೆ ನಿಂತು ಸೀನಿದರೋ, ಮುಗಿಯಿತು, ಮೂರು ದಿನ ಅವರ ಜೊತೆ ಮಾತು ಬಂದ್. ಇಂಥವಳಿಗೆ ಸಿಕ್ಕ ಕೆಲಸ ನೋಡಿ: ಬಿಸಿನೀರಿನ ಬುಗ್ಗೆಯ ಸ್ನಾನಗೃಹದಲ್ಲಿ, ಊರವರೆಲ್ಲ ಮೈ ತೊಳೆದ ನೀರು ಹರಿಯುವ ತೊಟ್ಟಿ, ಕಾಲುವೆ, ಕೊಳವೆಗಳಿಗೆ ಅಂಟಿಕೊಳ್ಳುವ ಸುಣ್ಣದ ಹಕ್ಕಳೆಯನ್ನು ಉಳಿ ಸುತ್ತಿಗೆ ಹಿಡಿದು ಕೆತ್ತಿ ತೆಗೆಯುವುದು! ಮೂವತ್ತೊಂದು ವರ್ಷ ಅದನ್ನೇ ಮಾಡಿದಳು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಉಳಿಯಿತು. ಜನರ ಬಾಯಲ್ಲಿ ಅವಳು ಹಕ್ಕಳೆಮ್ಮನೇ ಆದಳು.

"ಕೊಳಕು ಅಂದ್ರೆ ನಿಮಗೇನ್ರೀ ಗೊತ್ತು," ಎಂದು ಎದುರಿಗೆ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. "ಒಂದು ಹಕ್ಕಳೆ ಒಡೆದು ನೋಡಿ, ಮನುಷ್ಯಜಾತಿಯ ಮೇಲೇ ಬೇಜಾರು ಬರುತ್ತೆ."

ಸುಮ್ಮನೆ ಹೇಳುತ್ತಿರಲಿಲ್ಲ. ಬೇರೆ ಕಡೆ ಕೊಳಕು ಕೊಚ್ಚಿ ಹೋಗುತ್ತದೆ, ಕೊಳೆತು ಹೋಗುತ್ತದೆ. ಈ ಬುಗ್ಗೆಯ ನೀರಿನಲ್ಲಿ ಬಿದ್ದದ್ದು ಕಲ್ಲಾಗಿ ಕೂರುತ್ತದೆ. ಕೂದಲಿನ ಉಂಡೆ, ಗಾಯದ ಪಟ್ಟಿ, ಕಾಲಿನ ಉಗುರು, ಹಿಮ್ಮಡಿಯಿಂದ ಎದ್ದ ಚರ್ಮ, ಎಲ್ಲಕ್ಕೂ ಬಿಳಿ ಸುಣ್ಣದ ಅಂಗಿ. ಒಮ್ಮೆ ದೊಡ್ಡ ತೊಟ್ಟಿಯ ಮೂಲೆಯಲ್ಲಿ ಯಾರದೋ ಕಟ್ಟಿಸಿದ ಹಲ್ಲಿನ ಸೆಟ್ಟು ಸುಣ್ಣ ಮೆತ್ತಿಕೊಂಡು, ಹಲ್ಲು ಕಿರಿದುಕೊಂಡು ಸಿಕ್ಕಿತ್ತು. ಹಕ್ಕಳೆಮ್ಮ ಅದನ್ನು ಚಿಮಟದಲ್ಲಿ ಹಿಡಿದು ಕಚೇರಿಗೆ ಕೊಟ್ಟಳು. ವಾರದ ಮೇಲೆ ಅದರ ಒಡೆಯ ಬಂದ, ನಲ್ಲಿಯ ಕೆಳಗೆ ಒಂದು ಸಲ ಹಿಡಿದ, ಉಗುರಿನಿಂದ ನಾಲ್ಕು ಸಲ ಕೆರೆದ, ಎಲ್ಲರೆದುರೇ ಬಾಯಿಗೆ ಹಾಕಿಕೊಂಡು "ಸರಿಯಾಗಿ ಕೂತಿತು" ಎಂದ! ಹಕ್ಕಳೆಮ್ಮ ಎರಡು ದಿನ ಊಟದ ಮುಂದೆ ಕೂರಲಿಲ್ಲ.

ಕೆಲಸ ಕಲಿಸಿದವನು ಹಳೇ ಮೇಸ್ತ್ರಿ. ಸೇರಿದ ವಾರದಲ್ಲೇ ಅವಳನ್ನು ಸ್ನಾನಗೃಹದ ಹಿಂದಿನ ಗುಡ್ಡಕ್ಕೆ ಕರೆದುಕೊಂಡು ಹೋಗಿದ್ದ. ಬುಗ್ಗೆ ಹುಟ್ಟುವುದು ಅಲ್ಲಿ, ಬಂಡೆಯ ಸೀಳಿನಲ್ಲಿ. ಅಲ್ಲಿಂದ ಕೆಳಗೆ ಇಳಿಜಾರಿನ ಉದ್ದಕ್ಕೂ ಬಿಳಿ ತಟ್ಟೆಗಳನ್ನು ಒಂದರ ಕೆಳಗೊಂದು ಜೋಡಿಸಿದ ಹಾಗೆ ಕಲ್ಲಿನ ಕಟ್ಟೆಗಳು, ಒಂದೊಂದರಲ್ಲೂ ತಿಳಿ ನೀಲಿ ನೀರು, ಮೇಲೆ ಹಬೆ. ಮೇಸ್ತ್ರಿ ಜೇಬಿನಿಂದ ಒಂದು ಸೋಡಾ ಬಾಟಲಿ ತೆಗೆದು ಮುಚ್ಚಳ ತಿರುವಿದ. ಬುಸ್ ಎಂದು ಗುಳ್ಳೆ ಎದ್ದಿತು.

"ಈ ನೀರೂ ಇಂಥದ್ದೇ ಕಣಮ್ಮಾ," ಎಂದ. "ಮಳೆನೀರು ಮಣ್ಣಿಗೆ ಇಳಿಯೋವಾಗ ಅಲ್ಲಿರೋ ಗ್ಯಾಸ್ ಕುಡಿದುಬಿಡುತ್ತೆ. ಕುಡಿದ ಮೇಲೆ ಕೇಳ್ಬೇಕಾ? ಪೊಗರು ಬರುತ್ತೆ. ನೆಲದೊಳಗಿನ ಸುಣ್ಣಕಲ್ಲನ್ನೇ ಕರಗಿಸಿ ಹೊಟ್ಟೆಗೆ ಹಾಕ್ಕೊಂಡು ಬರುತ್ತೆ. ಮೇಲೆ ಬಂದು ಗಾಳಿ ಸೋಕ್ತೋ, ಗ್ಯಾಸೆಲ್ಲ ಬುಸ್! ಆಮೇಲೆ ಅಷ್ಟು ಸುಣ್ಣ ಹೊರೋ ತಾಕತ್ತು ಎಲ್ಲಿಂದ ಬರ್ಬೇಕು? ಇದ್ದಲ್ಲೇ ಇಳಿಸಿ ಮುಂದೆ ಹೋಗುತ್ತೆ. ಅಂಚಿನ ಮೇಲೆ ನೀರು ತೆಳ್ಳಗೆ ಚೆಲ್ಲುತ್ತೆ ನೋಡು, ಗ್ಯಾಸ್ ಬೇಗ ಹೋಗೋದು ಅಲ್ಲೇ. ಅದಕ್ಕೇ ಅಂಚು ಬೆಳೀತಾ ಬೆಳೀತಾ ತಟ್ಟೆ ಆಗುತ್ತೆ."

ಇನ್ನೊಂದು ಮಾತನ್ನೂ ಹೇಳಿದ್ದ. ನೆಲದಿಂದ ಆಗತಾನೆ ಬಂದ ನೀರು ಕಟ್ಟುವ ಹಕ್ಕಳೆ ಗಟ್ಟಿ, ಉಳಿ ಇಟ್ಟರೆ ಟಣ್ ಅನ್ನಬೇಕು. ದಾರಿಯಲ್ಲಿ ನಿಂತು, ಗ್ಯಾಸ್ ಕಳೆದುಕೊಂಡು, ಸುಣ್ಣವನ್ನೆಲ್ಲ ಎಲ್ಲೆಲ್ಲೋ ಇಳಿಸಿ ಬಂದ ಹಳೆಯ ನೀರು ಹಿಟ್ಟಿನಂಥ ಪುಡಿಯನ್ನು ಬಿಡುತ್ತದೆ, ಅಷ್ಟೇ. ಈ ಮಾತನ್ನು ಹಕ್ಕಳೆಮ್ಮ ಮುಂದೆ ನೂರು ಜನರಿಗೆ ತಾನೇ ಕಂಡುಹಿಡಿದವಳ ಹಾಗೆ ಹೇಳಿದ್ದಾಳೆ. ನೆನಪಾಗಬೇಕಾದ ಹೊತ್ತಿಗೆ ಮಾತ್ರ ನೆನಪಾಗಲಿಲ್ಲ.

ಅವಳ ಮನೆ ಹೊಳೆಯಾಚೆ, ತೊಂಬತ್ತೆರಡು ಮೆಟ್ಟಿಲು ಹತ್ತಿದರೆ ಸಿಗುವ ಓಣಿಯಲ್ಲಿ. ಆ ಓಣಿಯ ಮನೆಗಳ ಗೋಡೆಯೂ ಇದೇ ನೀರಿನ ಸಂತಾನವೇ. ಬುಗ್ಗೆಯ ನೀರು ಹೊಳೆಗೆ ಸೇರಿ ತಣ್ಣಗಾದ ಮೇಲೆ ಪಾಚಿ, ಎಲೆ, ಕಡ್ಡಿ, ಬಸವನಹುಳುವಿನ ಚಿಪ್ಪು ಎನ್ನದೆ ಸಿಕ್ಕಿದ್ದರ ಮೇಲೆಲ್ಲ ಸುಣ್ಣ ಹೊದಿಸುತ್ತದೆ. ಒಳಗಿನ ಎಲೆ ಕೊಳೆತು ಹೋಗುತ್ತದೆ, ಹೊರಗಿನ ಸುಣ್ಣ ಉಳಿಯುತ್ತದೆ. ಬ್ರೆಡ್ಡಿನ ಹಾಗೆ ತೂತು ತೂತಾದ, ಹಗುರವಾದ ಕಲ್ಲು. ಗರಗಸದಲ್ಲಿ ಕೊಯ್ಯಬಹುದು ಎಂದು ಹಿಂದಿನವರು ಅದರಲ್ಲೇ ಮನೆ ಕಟ್ಟಿದರು. ಒಂದೊಂದು ತೂತಿನಲ್ಲೂ ಒಂದೊಂದು ಜಿರಳೆಯ ಸಂಸಾರ. ಹಕ್ಕಳೆಮ್ಮ ರಜೆಯ ದಿನವೆಲ್ಲ ಸುಣ್ಣದ ಗಾರೆ ಕಲಸಿಕೊಂಡು ತೂತು ಮುಚ್ಚುತ್ತಿದ್ದಳು. ಈ ಗೋಡೆ ಮುಚ್ಚಿ ಮುಗಿಸುವಷ್ಟರಲ್ಲಿ ಆ ಗೋಡೆಯಲ್ಲಿ ಮೀಸೆ ಅಲ್ಲಾಡುತ್ತಿತ್ತು.

ಆ ಮನೆಯಲ್ಲಿ ಇದ್ದವರು ಇಬ್ಬರೇ, ಅವಳು ಮತ್ತು ಅವಳ ಅಕ್ಕ. ಅಮ್ಮ ಹೋದಾಗ ಹಕ್ಕಳೆಮ್ಮನಿಗೆ ಆರು ವರ್ಷ, ಅಕ್ಕನಿಗೆ ಹದಿನೇಳು. ತಂಗಿಯ ಜಡೆ ಹಾಕಿದ್ದು, ಮೂಗು ಒರೆಸಿದ್ದು, ಹೇನು ಹೆಕ್ಕಿದ್ದು, ಸ್ಕೂಲಿಗೆ ಎಳೆದುಕೊಂಡು ಹೋಗಿದ್ದು ಎಲ್ಲ ಅಕ್ಕನೇ. ಅಂಗಿಗಳ ಕಾಲರು, ತೋಳಿನ ಪಟ್ಟಿ ಹೊಲಿದು ಸಂಸಾರ ತೂಗಿಸಿದಳು, ಮದುವೆಯ ಮಾತು ಬಂದಾಗಲೆಲ್ಲ "ಇವಳೊಬ್ಬಳು ದಡ ಸೇರ್ಲಿ" ಎಂದು ಮುಂದೂಡಿ ಮುಂದೂಡಿ ಕೊನೆಗೆ ಅದೂ ನಿಂತು ಹೋಯಿತು. ಲೋಕದಲ್ಲಿ ಹಕ್ಕಳೆಮ್ಮ ಹೇಸದೆ ಎಂಜಲು ತಿನ್ನಬಲ್ಲ ಒಬ್ಬಳಿದ್ದರೆ ಅದು ಅಕ್ಕ.

ಅಕ್ಕನಿಗೆ ಮೊದಲಿನಿಂದಲೂ ಹೊಟ್ಟೆಯ ತೊಂದರೆ. ಉಂಡದ್ದು ಅರಗುವುದಿಲ್ಲ, ಎದೆಯುರಿ. ಸ್ನಾನಗೃಹದ ಮುಂದಿನ ಹಜಾರದಲ್ಲಿ ಕುಡಿಯುವ ನಲ್ಲಿ ಒಂದಿತ್ತು, ನಯವಾಗಿ ಉಜ್ಜಿದ ಬುಗ್ಗೆಯ ಕಲ್ಲಿನದೇ ಗೋಡೆ, ಮೇಲೆ "ಬುಗ್ಗೆಯಿಂದ ನೇರವಾಗಿ" ಎಂಬ ಬೋರ್ಡು. ಎಲ್ಲೆಲ್ಲಿಂದಲೋ ರೋಗಿಗಳು ಬಂದು ಸಾಲು ನಿಂತು ಕುಡಿಯುತ್ತಿದ್ದರು. ಹಕ್ಕಳೆಮ್ಮ ದಿನವೂ ಕೆಲಸ ಮುಗಿದ ಮೇಲೆ ಒಂದು ಕ್ಯಾನು ತುಂಬಿಕೊಂಡು ತೊಂಬತ್ತೆರಡು ಮೆಟ್ಟಿಲು ಹತ್ತುತ್ತಿದ್ದಳು. ತಾನು ಮಾತ್ರ ಒಂದು ಗುಟುಕೂ ಕುಡಿದವಳಲ್ಲ. ಬುಗ್ಗೆಯ ನೀರಿಗೆ ಕೊಳೆತ ಮೊಟ್ಟೆಯ ವಾಸನೆ, ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ಮೂಗು ಹಿಡಿದುಕೊಂಡೇ ಕ್ಯಾನು ತುಂಬುತ್ತಿದ್ದಳು. ತನಗೆ ಮನೆಯ ನೀರನ್ನೇ ಹತ್ತು ನಿಮಿಷ ಕುದಿಸಿ, ಬಟ್ಟೆಯಲ್ಲಿ ಸೋಸಿ ಕುಡಿಯುವುದು ಅಭ್ಯಾಸ.

ಮೂರು ವರ್ಷದ ಹಿಂದೆ ಸ್ನಾನಗೃಹಕ್ಕೆ ಹೊಸ ಮ್ಯಾನೇಜರು ಬಂದರು. ಮೈತುಂಬ ಸೆಂಟು, ಕೈಯಲ್ಲಿ ಸದಾ ಇಸ್ತ್ರಿ ಮಾಡಿದ ಕರವಸ್ತ್ರ. ಅವರನ್ನು ಕಂಡು ಹಕ್ಕಳೆಮ್ಮನಿಗೆ ಮೊದಲು ಖುಷಿಯೇ ಆಗಿತ್ತು, ಕೊನೆಗೂ ಒಬ್ಬ ಶುಚಿಯಾದ ಮನುಷ್ಯ ಬಂದನಲ್ಲ ಎಂದು. ಅವರು ದುಡ್ಡಿದ್ದವರಿಗಾಗಿ ಎಂಟು ಸ್ಪೆಷಲ್ ರೂಮು ಕಟ್ಟಿಸಿದರು, ಒಂದೊಂದರಲ್ಲೂ ಒಂದೊಂದು ತೊಟ್ಟಿ. ಹಿಂದುಗಡೆ ಒಂದು ಪಂಪಿನ ಮನೆ ಎದ್ದಿತು, ಅದಕ್ಕೆ ಬೀಗ. ಕುಡಿಯುವ ನಲ್ಲಿಯಲ್ಲಿ ಬಿಸಿ ನೀರಿನ ಬದಲು ತಣ್ಣನೆಯ ನೀರು ಬರತೊಡಗಿತು. "ಕುಡಿಯೋರ ನಾಲಿಗೆ ಸುಡ್ತಿತ್ತಲ್ಲ, ಅದಕ್ಕೇ ತಣಿಸೋ ಟ್ಯಾಂಕ್ ಹಾಕಿಸಿದ್ದೀವಿ," ಎಂದರು ಮ್ಯಾನೇಜರು. ಮೊಟ್ಟೆಯ ವಾಸನೆಯೂ ಕಡಿಮೆಯಾಯಿತು. ಸಾಲಿನಲ್ಲಿ ನಿಂತವರು ಮ್ಯಾನೇಜರನ್ನು ಹಾಡಿ ಹೊಗಳಿದರು. ಅವಳು ಹಳೆಯ ಅಭ್ಯಾಸದ ಮೇಲೆ ಮೂಗು ಹಿಡಿದೇ ತುಂಬಿದಳು.

ನಲ್ಲಿಯ ಬಾಯಿಯ ಹಕ್ಕಳೆ ತೆಗೆಯುವುದು ತಿಂಗಳಿಗೊಂದು ಸಲದ ಕೆಲಸ. ತೆಗೆದ ಮೇಲೆ ಪಕ್ಕದಲ್ಲಿ ನೇತುಹಾಕಿದ ಕಾರ್ಡಿನಲ್ಲಿ "ನಲ್ಲಿ ಶುದ್ಧವಾಗಿದೆ" ಎಂಬುದರ ಮುಂದೆ ಅವಳ ಸಹಿ. ಹಿಂದೆಲ್ಲ ಅರ್ಧ ದಿನ ಬಡಿದರೂ ಬಿಡದ ಹಕ್ಕಳೆ ಈಗ ಒದ್ದೆ ಬಟ್ಟೆಗೇ ಹಿಟ್ಟಿನ ಹಾಗೆ ಒರೆಸಿ ಬರುತ್ತಿತ್ತು. ಹಳೇ ಮೇಸ್ತ್ರಿ ಬದುಕಿದ್ದರೆ ಆ ಹಿಟ್ಟು ನೋಡಿ ಕಿವಿ ಹಿಂಡುತ್ತಿದ್ದ. ಇವಳು ಉಬ್ಬಿ ಹೋದಳು. ತಾನು ಅಷ್ಟು ಚೊಕ್ಕಟವಾಗಿ ಕೆತ್ತುವುದರಿಂದ ಹಕ್ಕಳೆಗೇ ಹೆದರಿಕೆ ಬಂದಿದೆ ಎಂದು ಪ್ಲಂಬರನ ಮುಂದೆ ಜಂಬ ಕೊಚ್ಚಿದಳು. ಮ್ಯಾನೇಜರ ಕಿವಿಗೂ ಬಿತ್ತು. ಆ ವರ್ಷದ ಕೊನೆಗೆ ಎಲ್ಲರನ್ನೂ ಹಜಾರದಲ್ಲಿ ಸೇರಿಸಿ, ಅತ್ಯುತ್ತಮ ಕೆಲಸಗಾರ್ತಿ ಎಂದು ಹೊಗಳಿ ಒಂದು ಗೋಡೆ ಗಡಿಯಾರ ಕೊಟ್ಟರು. ಮನೆಯಲ್ಲಿ ಅಕ್ಕ ಅದನ್ನು ತನ್ನ ಹಾಸಿಗೆಯ ಎದುರಿಗೇ ಹಾಕಿಸಿಕೊಂಡಳು.

ಅದೇ ಕಾಲಕ್ಕೆ ಅಕ್ಕನ ಹೊಟ್ಟೆ ಪೂರ್ತಿ ಹದಗೆಟ್ಟಿತು. ದಿನಕ್ಕೆ ಆರು ಸಲ, ಎಂಟು ಸಲ ಬಚ್ಚಲಿಗೆ ಓಡುವುದು. ತಿಂದ ಗಂಜಿ ನಿಲ್ಲದು. ಮೈಯ ಮಾಂಸವೆಲ್ಲ ಕರಗಿ ಹೊಲಿಗೆ ಮೆಷೀನಿನ ಮುಂದೆ ಕುಳಿತರೆ ಬಟ್ಟೆ ಮಾತ್ರ ಕುಳಿತ ಹಾಗಿತ್ತು. ಡಾಕ್ಟರು ಒಂದೊಂದು ಸಲ ಒಂದೊಂದು ಮಾತ್ರೆ ಬರೆದರು. "ಕುಡಿಯೋದು ಯಾವ ನೀರು?" ಎಂದು ಕೇಳಿದಾಗ ಹಕ್ಕಳೆಮ್ಮ ಎದೆಯುಬ್ಬಿಸಿ "ಬುಗ್ಗೆ ನೀರು ಡಾಕ್ಟ್ರೇ, ನಾನೇ ತರ್ತೀನಿ, ನಲ್ಲಿ ತೊಳೆಯೋಳೂ ನಾನೇ" ಎಂದಳು. ಡಾಕ್ಟರು ತಲೆಯಾಡಿಸಿ ಮತ್ತೆ ಆ ಕಡೆ ಯೋಚಿಸಲಿಲ್ಲ. ಹೊಟ್ಟೆ ಕೆಟ್ಟಷ್ಟೂ ಹಕ್ಕಳೆಮ್ಮ ನೀರು ಹೆಚ್ಚಿಸಿದಳು. ಒಂದು ಲೋಟ ಇದ್ದದ್ದು ಎರಡಾಯಿತು, ಎರಡು ಮೂರಾಯಿತು. ಹೀಗೇ ಹೋದರೆ ಮಳೆಗಾಲ ದಾಟುವುದು ಕಷ್ಟ ಎಂದು ಡಾಕ್ಟರು ಅವಳೊಬ್ಬಳನ್ನೇ ಪಕ್ಕಕ್ಕೆ ಕರೆದು ಹೇಳಿದ ದಿನ ಕ್ಯಾನಿನ ಜೊತೆ ಒಂದು ಬಾಟಲಿಯನ್ನೂ ತುಂಬಿಕೊಂಡು ಬಂದಳು.

ವರ್ಷಕ್ಕೊಮ್ಮೆ ಸ್ನಾನಗೃಹಕ್ಕೆ ಒಂದು ವಾರ ಬಾಗಿಲು ಹಾಕಿ ದೊಡ್ಡ ಸ್ವಚ್ಛತೆ ನಡೆಯುತ್ತದೆ. ಈ ಸಲ ಕುಡಿಯುವ ನಲ್ಲಿ ಗೋಡೆಯ ಹಿಂದೆಲ್ಲೋ ಸೋರುತ್ತಿತ್ತು. ಪ್ಲಂಬರು ಕಲ್ಲಿನ ಹಲಗೆ ಬಿಡಿಸಿ ಒಳಗಿನ ಎಲ್ಬೋ ಕಳಚಿದ. ಕೊಳವೆ ಮೊಣಕೈಯಂತೆ ಬಾಗುವ ಆ ತುಂಡನ್ನು ಹೊಸದಾಗಿ ಹಾಕಿದ್ದು ಆರು ವರ್ಷದ ಕೆಳಗೆ.

"ತಗೊಳ್ಳಿ ಹಕ್ಕಳೆಮ್ಮಾ, ನಿಮ್ಮ ಪ್ರಸಾದ," ಎಂದು ಅದನ್ನು ಅವಳ ಮುಂದಿಟ್ಟು ನಕ್ಕ.

ಅವಳು ಕೈಗವಸು ಹಾಕಿಕೊಂಡು ಉಳಿ ಇಟ್ಟು ಒಂದು ಏಟು ಹಾಕಿದಳು. ತುಕ್ಕು ತಿಂದ ಎಲ್ಬೋ ಎರಡು ಹೋಳಾಯಿತು. ಮೊದಲು ಬಂದದ್ದು ವಾಸನೆ. ಮೊಟ್ಟೆಯದಲ್ಲ, ಕಟ್ಟಿಕೊಂಡ ಬಚ್ಚಲಿನದು. ಆಮೇಲೆ ಲೋಳೆ, ಮೂಗಿನಿಂದ ಇಳಿದದ್ದರ ಹಾಗೆ ಹಳದಿ ಬೂದು ಲೋಳೆ, ದಾರದ ಹಾಗೆ ಎಳೆ ಎಳೆಯಾಗಿ ಜೋತಿತು. "ಥೂ!" ಎಂದು ಅವಳು ಮುಖ ತಿರುಗಿಸಿದಳು. ಮತ್ತೆ ನೋಡಿದಳು. ಲೋಳೆಯೊಳಗೆ ಕೂದಲು. ಕಪ್ಪು, ಬಿಳಿ, ಮೆಹಂದಿ ಬಣ್ಣದ್ದು, ಗುಂಗುರಿನದು. ಕೂದಲಿನ ನಡುವೆ ಗಾಯಕ್ಕೆ ಹಚ್ಚುವ ಪಟ್ಟಿಯ ಒಂದು ಚೂರು.

"ಇದು ಸ್ನಾನದ ತೊಟ್ಟಿಯ ಕೊಳವೆ ಇರ್ಬೇಕು ಕಣಯ್ಯಾ. ತಪ್ಪಿ ಬಿಚ್ಚಿದೀಯ."

"ಕುಡಿಯೋ ನಲ್ಲಿದೇ, ಹಕ್ಕಳೆಮ್ಮಾ. ನಿಮ್ಮೆದುರಿಗೇ ಬಿಚ್ಚಿದ್ನಲ್ಲ." ಪ್ಲಂಬರನ ನಗು ಅಷ್ಟರಲ್ಲೇ ಇಳಿದಿತ್ತು. "ನನಗೇನೂ ಗೊತ್ತಿಲ್ಲಪ್ಪ. ನಾನು ನೋಡಿಲ್ಲ, ನೀವೂ ನೋಡಿಲ್ಲ," ಎಂದವನೇ ಸ್ಪ್ಯಾನರು ಎತ್ತಿಕೊಂಡು ಹೋದ.

ಹಕ್ಕಳೆಮ್ಮ ಲೋಳೆಯನ್ನು ಒರೆಸಿ ಹೋಳನ್ನು ಬೆಳಕಿಗೆ ಹಿಡಿದಳು. ಕೊಳವೆಯ ಒಳಗೆ ಹಕ್ಕಳೆ ಹೊರಗಿನಿಂದ ಒಳಕ್ಕೆ ಬೆಳೆಯುತ್ತದೆ. ಲೋಹಕ್ಕೆ ಅಂಟಿದ ಪದರ ಹಳೆಯದು, ನಡುವಿನದು ಹೊಸದು. ವರ್ಷಕ್ಕೊಮ್ಮೆ ಬಾಗಿಲು ಹಾಕಿ ನೀರು ನಿಲ್ಲಿಸಿದಾಗ ಒಣಗಿ ತುಕ್ಕಿನ ಬಣ್ಣದ ಒಂದು ಗೆರೆ ಬೀಳುತ್ತದೆ. ಹೊರಗಿನಿಂದ ಎಣಿಸಿದಳು. ಮೊದಲ ಮೂರು ವರ್ಷದ ಪದರ ಹಾಲಿನ ಬಿಳುಪು, ಗಟ್ಟಿ, ಉಗುರಿಗೆ ಜಗ್ಗದು. ಅಲ್ಲಿಂದಾಚೆ ಮೂರು ವರ್ಷದ್ದು ಮೆತ್ತಗೆ, ಪುಡಿ ಪುಡಿ, ಬೂದು, ಕೂದಲು ಹೆಣೆದುಕೊಂಡದ್ದು. ಇನ್ನೊಂದು ಸಲ ಎಣಿಸಿದಳು. ಮೂರೇ. ಪಂಪಿನ ಮನೆ ಎದ್ದು ಮೂರು ವರ್ಷ. ಅಕ್ಕನ ಹೊಟ್ಟೆ ಹದಗೆಟ್ಟು ಮೂರು ವರ್ಷ.

ಹಳೇ ಮೇಸ್ತ್ರಿಯ ಮಾತು ಆಗ ನೆನಪಾಯಿತು. ನಲ್ಲಿಗೆ ಬರುತ್ತಿದ್ದದ್ದು ಬುಗ್ಗೆಯ ನೀರಲ್ಲ. ಬುಗ್ಗೆಯ ನೀರೆಲ್ಲ ಸ್ಪೆಷಲ್ ರೂಮುಗಳಿಗೆ, ದೊಡ್ಡ ತೊಟ್ಟಿಗೆ. ಅಲ್ಲಿ ನೂರಾರು ಜನ ಮಿಂದು, ಉಜ್ಜಿ, ಉಗುಳಿ ಬಿಟ್ಟ ನೀರು ಪಂಪಿನಲ್ಲಿ ಏರಿ ನಲ್ಲಿಗೆ. ತೊಟ್ಟಿಯಲ್ಲೇ ಗ್ಯಾಸ್ ಹೋಗಿ, ಸುಣ್ಣ ಇಳಿದು, ಬಿಸಿ ಆರಿ, ವಾಸನೆ ಆರಿ ಬಂದ ನೀರು. ಅದು ಹಿಟ್ಟಿನಂಥ ಹಕ್ಕಳೆ ಬಿಟ್ಟದ್ದಕ್ಕೆ ತಾನು ಗಡಿಯಾರ ತೆಗೆದುಕೊಂಡೆ!

ಹೋಳುಗಳನ್ನು ಬಕೆಟ್ಟಿನಲ್ಲಿ ಹಾಕಿಕೊಂಡು ಮ್ಯಾನೇಜರ ಕೋಣೆಗೆ ನಡೆದಳು. ಬಕೆಟ್ಟನ್ನು ಅವರ ಮೇಜಿನ ಮೇಲೆಯೇ ಇಟ್ಟಳು. ಮ್ಯಾನೇಜರು ಕರವಸ್ತ್ರ ಮೂಗಿಗೆ ಹಿಡಿದು ಕುರ್ಚಿ ಹಿಂದಕ್ಕೆ ಸರಿಸಿದರು.

"ಏನಮ್ಮಾ ಇದು ಅಸಹ್ಯ! ಹೊರಗೆ ಬಿಸಾಕು."

"ನಿಮ್ಮ ಕುಡಿಯೋ ನಲ್ಲೀದು ಸಾರ್. ಜನ ಮಿಂದ ನೀರನ್ನ ಜನಕ್ಕೇ ಕುಡಿಸ್ತಿದೀರಲ್ಲ, ನಿಮಗೆ ಹೇಸಿಗೆ ಆಗಲ್ವಾ?"

ಅವರು ಬೆದರಲಿಲ್ಲ, ಬೆವರಲಿಲ್ಲ. "ಬುಗ್ಗೆ ಬರೋದೇ ಅಷ್ಟು. ಎಂಟು ರೂಮಿಗೂ ಕೊಟ್ಟು ನಲ್ಲಿಗೂ ಕೊಡು ಅಂದ್ರೆ ಎಲ್ಲಿಂದ ತರ್ಲಿ? ಮರಳಿನಲ್ಲಿ ಸೋಸೇ ಬಿಡೋದು. ಎಲ್ಲೋ ಜಾಲರಿ ಹರಿದಿರ್ಬೇಕು, ಹಾಕಿಸ್ತೀನಿ."

"ಮೂರು ವರ್ಷದಿಂದ ಹರಿದಿದೆಯಾ?"

"ನೋಡಮ್ಮಾ, ಮೂರು ವರ್ಷದಿಂದ ಅದನ್ನ ಶುದ್ಧ ಅಂತ ಬರೆದುಕೊಟ್ಟೋಳು ನೀನು. ಕಾರ್ಡಿನಲ್ಲಿ ನನ್ನ ಸಹಿ ಇಲ್ಲ." ದನಿ ತಗ್ಗಿಸಿ, ಕಷ್ಟ ಸುಖ ಮಾತಾಡುವವರ ಹಾಗೆ ಹೇಳಿದರು: "ಹಕ್ಕಳೆ ಕಡಿಮೆ ಆಯ್ತು ಅಂತ ನೀನೇ ಊರೆಲ್ಲ ಸಾರಿಕೊಂಡು ಬಂದೆ. ನಿನಗೆ ಗಡಿಯಾರ ಸುಮ್ನೆ ಕೊಟ್ವಿ ಅಂದ್ಕೊಂಡ್ಯಾ? ನಾಳಿದ್ದು ನೀರಿನ ಇನ್‌ಸ್ಪೆಕ್ಟರ್ ಬರ್ತಾರೆ. ಅಷ್ಟರೊಳಗೆ ಇದನ್ನ ಪುಡಿ ಮಾಡಿ ಹಿಂದಿನ ಕಸದ ಗುಂಡಿಗೆ ಹಾಕು, ಹೊಸ ಎಲ್ಬೋ ಕೂರಿಸ್ತಾರೆ. ನಿಮ್ಮಕ್ಕನೂ ಇದೇ ನೀರು ತಾನೇ ಕುಡಿಯೋದು? ಬದುಕಿಲ್ವಾ?"

ಅವರ ಮೇಜಿನ ಮೇಲೆ ಅಂಗಡಿಯಿಂದ ತಂದ ಸೀಲು ಹಾಕಿದ ನೀರಿನ ಬಾಟಲಿಗಳು ಸಾಲಾಗಿ ನಾಲ್ಕು ಇದ್ದವು. ಹಕ್ಕಳೆಮ್ಮ ಅವನ್ನೇ ನೋಡಿದಳು. ಮೂವತ್ತೊಂದು ವರ್ಷದಲ್ಲಿ ತೊಟ್ಟಿಯ ಮೂಲೆಮೂಲೆ ಕೆರೆದಿದ್ದಾಳೆ, ಹೆಸರು ಹೇಳಬಾರದ್ದನ್ನೆಲ್ಲ ಕೈಯಲ್ಲಿ ಎತ್ತಿದ್ದಾಳೆ, ಆದರೆ ಈ ಇಸ್ತ್ರಿ ಕರವಸ್ತ್ರದ ಮನುಷ್ಯನನ್ನು ನೋಡಿ ಬಂದಷ್ಟು ವಾಕರಿಕೆ ಯಾವತ್ತೂ ಬಂದಿರಲಿಲ್ಲ. ಬಕೆಟ್ಟು ಎತ್ತಿಕೊಂಡು ಹೊರಗೆ ಬಂದಳು.

ಗುಂಡಿಯ ಹತ್ತಿರ ಹೋದಳು, ಸುತ್ತಿಗೆಯನ್ನೂ ಎತ್ತಿದಳು, ಸುಳ್ಳೇಕೆ ಹೇಳಬೇಕು. ಎರಡು ಏಟು ಹಾಕಿದರೆ ಎಲ್ಲ ಪುಡಿ. ನೀರು ತರುವುದು ನಿಲ್ಲಿಸಿದರಾಯಿತು, ಅಕ್ಕನಿಗೆ ತಿಳಿಯುವುದೇ ಬೇಡ. ಅವಳನ್ನು ಹಿಡಿದು ಅಲ್ಲಾಡಿಸುತ್ತಿದ್ದ ಭಯ ಕೆಲಸದ್ದಲ್ಲ. ಹೆತ್ತ ತಾಯಿಗಿಂತ ಹೆಚ್ಚಾಗಿ ಸಾಕಿದವಳಿಗೆ ತಾನು ಕೈಯಾರೆ, ಮೂರು ಹೊತ್ತೂ, ಒತ್ತಾಯ ಮಾಡಿ ಊರವರ ಕೊಳೆ ಕುಡಿಸಿದೆ ಎಂದು ಯಾವ ಬಾಯಲ್ಲಿ ಹೇಳುವುದು? ಆದರೆ ಸಾಲಿನಲ್ಲಿ ನಿಲ್ಲುವ ಉಳಿದವರ ಮನೆಯಲ್ಲೂ ಅಕ್ಕಂದಿರಿದ್ದಾರಲ್ಲ. ಹೋಳುಗಳನ್ನು ಬಟ್ಟೆಯಲ್ಲಿ ಸುತ್ತಿ, ತನ್ನ ಸಲಕರಣೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಏನು ಮಾಡುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ.

ಮನೆಗೆ ಬಂದವಳು ಕ್ಯಾನನ್ನು ಬೂದಿ ಹಾಕಿ, ಸೋಪು ಹಾಕಿ, ಕುದಿಯುವ ನೀರು ಹಾಕಿ ನಾಲ್ಕು ಸಲ ತಿಕ್ಕಿದಳು. ಮನೆಯ ನೀರನ್ನೇ ಕುದಿಸಿ ಆರಿಸಿ ಅದರಲ್ಲಿ ತುಂಬಿ, ಏನೂ ಆಗದವಳ ಹಾಗೆ ಲೋಟಕ್ಕೆ ಬಗ್ಗಿಸಿ ಅಕ್ಕನ ಕೈಗೆ ಕೊಟ್ಟಳು. ಅಕ್ಕ ಒಂದು ಗುಟುಕು ಕುಡಿದು ಲೋಟವನ್ನು ನೋಡಿದಳು, ತಂಗಿಯನ್ನು ನೋಡಿದಳು. ಉಳಿದದ್ದನ್ನು ಒಂದೇ ಸಲಕ್ಕೆ ಕುಡಿದುಬಿಟ್ಟಳು. "ಇನ್ನೊಂಚೂರು ಇದ್ರೆ ಹಾಕೇ," ಎಂದಳು. ಹಕ್ಕಳೆಮ್ಮನಿಗೆ ಅದು ವಿಚಿತ್ರವೆನಿಸಿತು, ಆದರೆ ಯೋಚಿಸುವ ಸ್ಥಿತಿಯಲ್ಲಿರಲಿಲ್ಲ.

ನಾಳಿದ್ದು ಬಂತು. ಇನ್‌ಸ್ಪೆಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಂಗಸು, ಹೆಗಲಿಗೆ ಬಾಟಲಿಗಳ ಪೆಟ್ಟಿಗೆ. ಹೊಸ ಎಲ್ಬೋ ಕೂತಿತ್ತು, ಕಲ್ಲಿನ ಹಲಗೆ ಮತ್ತೆ ಮುಚ್ಚಿತ್ತು. ಬಾಗಿಲು ತೆರೆಯುವುದನ್ನೇ ಕಾಯುತ್ತಿದ್ದ ರೋಗಿಗಳು ಆಗಲೇ ಲೋಟ ಹಿಡಿದು ಸಾಲು ನಿಂತಿದ್ದರು. ಇನ್‌ಸ್ಪೆಕ್ಟರು ನಲ್ಲಿ ತಿರುಗಿಸಿ ಬಾಟಲಿ ಹಿಡಿದಳು. ನೀರಿನಿಂದ ಹಬೆ ಎದ್ದಿತು, ಕೊಳೆತ ಮೊಟ್ಟೆಯ ವಾಸನೆ ಹಜಾರದ ತುಂಬ ಹರಡಿತು. ಹಕ್ಕಳೆಮ್ಮನಿಗೆ ಎಲ್ಲ ಅರ್ಥವಾಯಿತು. ಪರೀಕ್ಷೆಯ ದಿನ ಮಾತ್ರ ವಾಲ್ವು ತಿರುಗಿಸಿ ನಿಜವಾದ ಬುಗ್ಗೆಯ ನೀರು ಬಿಡುತ್ತಾರೆ. ಈ ಬಾಟಲಿಯಲ್ಲಿ ಯಾವ ದೋಷವೂ ಸಿಗುವುದಿಲ್ಲ, ಹಿಂದೆಯೂ ಸಿಕ್ಕಿಲ್ಲ, ಮುಂದೆಯೂ ಸಿಗುವುದಿಲ್ಲ. ಮಾರನೆಯ ದಿನದಿಂದ ಮತ್ತೆ ಅದೇ ನೀರು.

"ಎಲ್ಲ ಚೆನ್ನಾಗಿದೆ," ಎಂದು ಇನ್‌ಸ್ಪೆಕ್ಟರು ಪೆಟ್ಟಿಗೆ ಮುಚ್ಚಿದಳು.

"ಮೇಡಂ, ಒಂದ್ನಿಮಿಷ," ಎಂದಳು ಹಕ್ಕಳೆಮ್ಮ. ಬಟ್ಟೆಯ ಗಂಟು ಬಿಚ್ಚಿ ಎಲ್ಬೋದ ಎರಡೂ ಹೋಳನ್ನು ಅವಳ ಕೈಗೇ ಇಟ್ಟಳು. "ಇವತ್ತಿನ ನೀರಲ್ಲಿ ಏನೂ ಸಿಗಲ್ಲ. ಇದನ್ನ ನೋಡಿ. ಇದು ಆರು ವರ್ಷದ್ದು. ಹೊರಗಡೆ ಗಟ್ಟಿ ಇದೆಯಲ್ಲ, ಅದು ಬುಗ್ಗೆ ನೀರು. ಒಳಗಡೆ ಕೂದಲು ಇದೆಯಲ್ಲ, ಅದು ತೊಟ್ಟಿ ನೀರು. ಗೆರೆ ಎಣಿಸಿ, ಮೂರು ವರ್ಷ."

ಇನ್‌ಸ್ಪೆಕ್ಟರು ಹಿಂದೆ ಸರಿಯಲಿಲ್ಲ. ಕನ್ನಡಕ ಹಣೆಗೇರಿಸಿ, ಉಗುರಿನಿಂದ ಪದರ ಪದರ ಗೀಚಿ ನೋಡಿದಳು. "ಬುಗ್ಗೆ ಕಟ್ಟೋ ಸುಣ್ಣಕಲ್ಲು, ಟ್ರಾವರ್ಟೈನ್, ಅದರ ಬಗ್ಗೆ ಓದಿದ್ದೀನಿ," ಎಂದು ತನ್ನಷ್ಟಕ್ಕೆ ಗೊಣಗಿದಳು, "ಕೂದಲು ಬೆಳೆಯೋ ಜಾತಿದು ಓದಿಲ್ಲ." ಒಂದು ಕೂದಲನ್ನು ಚಿಮಟದಿಂದ ಎಳೆದಳು. ಅದು ಬರುತ್ತಲೇ ಇತ್ತು. ಸಾಲಿನಲ್ಲಿ ಮುಂದೆ ನಿಂತಿದ್ದ ಮುದುಕ ತನ್ನ ಲೋಟವನ್ನು ಮೆಲ್ಲನೆ ನೆಲಕ್ಕಿಟ್ಟ. ಹಿಂದಿದ್ದ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದು ಹೊರಗೋಡಿದಳು.

"ಅವಳ ಮಾತು ಏನು ಕೇಳ್ತೀರಿ ಮೇಡಂ," ಮ್ಯಾನೇಜರು ಕಾರ್ಡನ್ನು ಎಳೆದು ತೋರಿಸಿದರು. "ಇಲ್ಲಿ ನೋಡಿ, ತಿಂಗಳು ತಿಂಗಳೂ ಶುದ್ಧ ಅಂತ ಇವಳದೇ ಸಹಿ."

"ನಂದೇ," ಎಂದಳು ಹಕ್ಕಳೆಮ್ಮ. ಹಜಾರದಲ್ಲಿದ್ದವರೆಲ್ಲ ಕೇಳಿಸಿಕೊಂಡರು. "ಎಲ್ಲವೂ ನಂದೇ. ಹಕ್ಕಳೆ ಹಿಟ್ಟಾಗಿದ್ದು ನೋಡಿಯೂ ನೋಡಲಿಲ್ಲ. ಹೊಗಳಿದ್ರು, ಹಿಗ್ಗಿ ಸಹಿ ಹಾಕ್ಬಿಟ್ಟೆ. ಅದನ್ನೂ ಬರ್ಕೊಳ್ಳಿ ಮೇಡಂ. ಪಂಪಿನ ಮನೆ ಬೀಗದ ಕೈ ಅವರ ಹತ್ರ ಇದೆ, ಆ ಬಾಗಿಲನ್ನೂ ತೆಗೆಸಿ."

ಮಧ್ಯಾಹ್ನದ ಹೊತ್ತಿಗೆ ನಲ್ಲಿಗೆ ಸೀಲು ಬಿತ್ತು, ಪಂಪಿನ ಮನೆಗೂ ಬಿತ್ತು. ಮ್ಯಾನೇಜರು ಹಕ್ಕಳೆಮ್ಮನಿಗೆ ನಾಳೆಯಿಂದ ಬರಬೇಡ ಎಂದರು. ಸಂಜೆಗೆ ಅವರಿಗೂ ಯಾರೋ ಅದನ್ನೇ ಹೇಳಿದರಂತೆ. ಅದಿರಲಿ. ಅವಳು ಆ ಮಧ್ಯಾಹ್ನವೇ ತೊಂಬತ್ತೆರಡು ಮೆಟ್ಟಿಲನ್ನು ಬರಿಗೈಯಲ್ಲಿ ಹತ್ತುತ್ತಿದ್ದಳು. ಸಾವಿರ ಜನರ ಮುಂದೆ ಹೇಳಿದರೂ ಒಬ್ಬಳ ಮುಂದೆ ಹೇಳುವುದು ಇನ್ನೂ ಬಾಕಿ ಇತ್ತು.

ಅಕ್ಕ ಕಿಟಕಿಯ ಬಳಿ ಕುಳಿತು ಕಾಲರಿಗೆ ಗುಂಡಿ ಹಚ್ಚುತ್ತಿದ್ದಳು. "ಏನೇ, ಇಷ್ಟು ಬೇಗ? ಕ್ಯಾನು ಎಲ್ಲಿ?"

ಹಕ್ಕಳೆಮ್ಮ ನಿಂತೇ ಹೇಳಿದಳು. ಕುಳಿತರೆ ಹೇಳಲಾರೆ ಎನಿಸಿತ್ತು. ಎಲ್ಬೋ, ಲೋಳೆ, ಕೂದಲು, ಪಟ್ಟಿ, ಯಾವುದನ್ನೂ ಬಿಡಲಿಲ್ಲ. "ಮೂರು ವರ್ಷ ನಾನೇ ನಿನ್ನ ಬಾಯಿಗೆ ಹೊಯ್ದಿದ್ದೀನಿ ಅಕ್ಕ. ನಿನ್ನ ಹೊಟ್ಟೆ ಕೆಡಿಸಿದ್ದು ನಾನೇ. ಬೇಡ ಅಂದ್ರೂ ಇನ್ನೊಂದು ಲೋಟ ಅಂತ ಕುಡಿಸಿದ್ದೀನಿ. ಬೈಯಿ ನನ್ನ. ಹೊಡಿ ಬೇಕಾದ್ರೆ."

ಅಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ಸೋಪಿನ ವಾಸನೆ ಬರ್ತಿತ್ತು ಕಣೇ," ಎಂದಳು.

"ಏನಂದೆ?"

"ನೀರಲ್ಲಿ. ಆ ತಣ್ಣಗಿನ ನೀರು ತರೋಕೆ ಶುರು ಮಾಡಿದ್ಯಲ್ಲ, ಅವತ್ತಿಂದಾನೂ. ಒಂದೊಂದ್ಸಲ ನಾಲಿಗೆಗೆ ಕೂದಲು ಸಿಗ್ತಿತ್ತು. ತೆಗೆದು ಸೆರೆಗೆ ಒರೆಸ್ಕೊಳ್ತಿದ್ದೆ. ಮೊನ್ನೆಯಿಂದ ಮಾತ್ರ ಚೆನ್ನಾಗಿದೆ."

"ಗೊತ್ತಿದ್ದೂ ಕುಡಿದ್ಯಾ?" ಹಕ್ಕಳೆಮ್ಮನ ದನಿ ಚೀರಿದಂತೆ ಬಂತು. "ಹುಚ್ಚು ಹಿಡಿದಿತ್ತಾ ನಿನಗೆ? ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಗೆ ಹೇಳ್ಲಿ? ಲೋಕದಲ್ಲಿ ಒಂದೂ ನಿನ್ನ ಕಣ್ಣಿಗೆ ಶುದ್ಧ ಇಲ್ಲ. ಅದೊಂದು ನೀರು ಮಾತ್ರ ಶುದ್ಧ ಅಂತ ನೀನು ನಂಬಿಕೊಂಡಿದ್ದೆ. ಅಷ್ಟು ಮೆಟ್ಟಿಲು ಹತ್ಕೊಂಡು, ಏದುಸಿರು ಬಿಟ್ಕೊಂಡು ಬಂದು, ಕುಡಿ ಅಕ್ಕಾ ಅಂತ ಎದುರಿಗೆ ನಿಂತು ನಗ್ತಿದ್ದೆ. ನೀನು ನಗೋದೇ ಅಪರೂಪ ಕಣೇ. ನಾನು ಕಣ್ಮುಚ್ಚಿ ಕುಡಿದುಬಿಡ್ತಿದ್ದೆ."

ಹಕ್ಕಳೆಮ್ಮ ಹಿತ್ತಲಿಗೆ ಓಡಿದಳು. ಗೋಡೆ ಹಿಡಿದುಕೊಂಡು, ಕರುಳು ಕಿತ್ತು ಬರುವ ಹಾಗೆ ವಾಂತಿ ಮಾಡಿಕೊಂಡಳು. ಬಗ್ಗಿ ಬಗ್ಗಿ ಬಂತು, ಏನೂ ಉಳಿಯದ ಮೇಲೂ ಬಂತು. ತನ್ನ ಮೇಲೆ ತನಗೇ ಅಷ್ಟು ಹೇಸಿಗೆಯಾಗಿತ್ತು. ಎಲುಬೇ ಉಳಿದಿದ್ದ ಅಕ್ಕ ಗೋಡೆ ಹಿಡಿದು ಹಿಡಿದು ಹಿಂದೆಯೇ ಬಂದಳು, ಒಂದು ಕೈಯಲ್ಲಿ ತಂಗಿಯ ಹಣೆ ಹಿಡಿದಳು, ಇನ್ನೊಂದರಲ್ಲಿ ಬೆನ್ನು ಸವರಿದಳು.

"ಇನ್ಮೇಲೆ ಬಾಯಿಗೆ ಕೆಟ್ಟದ್ದು ಬಂದ್ರೆ ಉಗೀ ಅಕ್ಕ," ಎಂದಳು ಹಕ್ಕಳೆಮ್ಮ ಏದುತ್ತ. "ನನ್ನ ಮುಖದ ಮೇಲೇ ಉಗಿ."

"ಥೂ, ಹೇಸಿಗೆ ಮಾತು," ಎಂದಳು ಅಕ್ಕ. ತಂಗಿಯ ಬಾಯನ್ನು ತನ್ನ ಬರಿಯ ಅಂಗೈಯಿಂದಲೇ ಒರೆಸಿದಳು.